ಸೊಳ್ಳೆ ಹಿಡಿಯದ ಹಕ್ಕಿಗೆ ಕಂಬದ ಮೇಲೊಂದು ಮನೆ

ಅಮೆರಿಕದ ಪೂರ್ವ ಭಾಗದ ಅಂಗಳಗಳಲ್ಲಿ ಎತ್ತರದ ಕಂಬ, ಅದರ ತುದಿಯಲ್ಲಿ ಹತ್ತು ಹನ್ನೆರಡು ಕೋಣೆಗಳ ಬಿಳಿ ಗೂಡು ಕಂಡರೆ ಅದು ಪರ್ಪಲ್ ಮಾರ್ಟಿನ್ ಹಕ್ಕಿಗಳದ್ದು. ಅಂಬರಗುಬ್ಬಿಗಳ ಬಳಗದ ಈ ಹಕ್ಕಿ ತೂಗುವುದು ಬರೀ 50 ಗ್ರಾಂ. ಗೂಡು ಯಾಕೆ ಇಟ್ಟಿದ್ದೀರಿ ಎಂದರೆ ಇಂದಿಗೂ ಬಹಳ ಜನ ಹೇಳುವುದು, ‘ಒಂದು ಮಾರ್ಟಿನ್ ದಿನಕ್ಕೆ 2000 ಸೊಳ್ಳೆ ತಿನ್ನುತ್ತದಲ್ವಾ?’

ಇಲ್ಲ, ತಿನ್ನುವುದಿಲ್ಲ. ಈ ಮಾತನ್ನು ಊರೂರಿಗೆ ಹಬ್ಬಿಸಿದ್ದು 1960ರ ದಶಕದ ವ್ಯಾಪಾರ. ಇಲಿನಾಯ್ ರಾಜ್ಯದ ಗ್ರಿಗ್ಸ್‌ವಿಲ್ ಎಂಬ ಪುಟ್ಟ ಊರಿನ ಜೆ. ಎಲ್. ವೇಡ್ ಆಂಟೆನಾ ತಯಾರಿಸುತ್ತಿದ್ದವರು, ಅಲ್ಯೂಮಿನಿಯಂ ಗೂಡುಗಳನ್ನು ಮಾಡಿ ಮಾರತೊಡಗಿದರು. ಸೊಳ್ಳೆಯ ಲೆಕ್ಕ ಅದರ ಪ್ರಚಾರದ ಜೊತೆ ಬಂತು. ಆದರೆ ಸೊಳ್ಳೆಗಳು ಹೆಚ್ಚಾಗಿ ಏಳುವುದು ಮುಸ್ಸಂಜೆಗೆ, ಹಾರುವುದು ನೆಲದ ಹತ್ತಿರ. ಮಾರ್ಟಿನ್ ಬೇಟೆಯಾಡುವುದು ಹಗಲಲ್ಲಿ, ಆಕಾಶದ ಎತ್ತರದಲ್ಲಿ. ಮರಿಗಳಿಗೆ ತರುವುದು ಏರೋಪ್ಲೇನ್ ಚಿಟ್ಟೆ, ರೆಕ್ಕೆಯ ಇರುವೆ, ಜೀರುಂಡೆ. ಏರೋಪ್ಲೇನ್ ಚಿಟ್ಟೆಯೇ ಸೊಳ್ಳೆಗಳನ್ನು ಹಿಡಿದು ತಿನ್ನುವ ಹುಳ. ಈಗ ಲೆಕ್ಕ ನೀವೇ ಹಾಕಿ.

ಗೂಡು ಇಡಬೇಕಾದ ನಿಜವಾದ ಕಾರಣ ಇದಕ್ಕಿಂತ ದೊಡ್ಡದು. ಮೊದಲು ಇವು ಮರಕುಟುಕ ಕೊರೆದು ಬಿಟ್ಟ ಪೊಟರೆಗಳಲ್ಲಿ ಮೊಟ್ಟೆ ಇಡುತ್ತಿದ್ದವು. ಚಾಕ್ಟಾ, ಚಿಕಸಾ ಮೂಲನಿವಾಸಿಗಳು ಎಳೆಯ ಮರದ ಕೊಂಬೆಗಳನ್ನು ಸವರಿ, ಉಳಿದ ಮೋಟುಗಳಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು. 19ನೇ ಶತಮಾನದ ಆರಂಭದಲ್ಲೇ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ ಇದನ್ನು ದಾಖಲಿಸಿದ್ದಾರೆ. ತಲೆಮಾರುಗಳು ಕಳೆದಂತೆ ಹಕ್ಕಿಗಳು ಜನರ ಗೂಡಿಗೇ ಒಗ್ಗಿಹೋದವು. ಪಶ್ಚಿಮದಲ್ಲಿ ಈಗಲೂ ಒಣಮರ, ಸಾಗ್ವಾರೋ ಕಳ್ಳಿಯ ಪೊಟರೆ ನಡೆಯುತ್ತದೆ. ರಾಕಿ ಬೆಟ್ಟಗಳ ಪೂರ್ವಕ್ಕೆ ಬಂದರೆ, ಹೆಚ್ಚುಕಡಿಮೆ ಎಲ್ಲ ಮಾರ್ಟಿನ್‌ಗಳೂ ಮನುಷ್ಯ ಕೊಟ್ಟ ಗೂಡನ್ನೇ ನಂಬಿವೆ. ಚಳಿಗಾಲ ಕಳೆಯಲು ಬ್ರೆಜಿಲ್‌ವರೆಗೆ ಹೋಗುವ ಹಕ್ಕಿ, ಮರಿ ಮಾಡಲು ಯಾರದೋ ಅಂಗಳಕ್ಕೆ ಮರಳುತ್ತದೆ!

ಆ ಗೂಡಿಗೆ ಪೈಪೋಟಿ ಇದೆ. ನಮ್ಮ ಗೊರವಂಕದ ನೆಂಟನಾದ ಯುರೋಪಿನ ಸ್ಟಾರ್ಲಿಂಗ್ ಅನ್ನು 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟರು. ಅದು ಖಂಡವನ್ನೇ ತುಂಬಿತು. ಮಾರ್ಟಿನ್ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುತ್ತದೆ, ಮರಿ ಕೊಲ್ಲುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ: ಅರ್ಧಚಂದ್ರದಂಥ ಬಾಗಿಲು. ಅಡಿ ಚಪ್ಪಟೆ, ಮೇಲೆ ಕಮಾನು, ಎತ್ತರ ಸುಮಾರು 30 ಮಿ.ಮೀ. ಅಷ್ಟೇ. ಮಾರ್ಟಿನ್‌ಗೆ ಕಾಲು ಗಿಡ್ಡ, ಎದೆ ಚಪ್ಪಟೆ. ಗೇಟಿನ ಕೆಳಗೆ ತೆವಳುವ ಬೆಕ್ಕಿನ ಹಾಗೆ ಹೊಟ್ಟೆಯನ್ನು ನೆಲಕ್ಕೊತ್ತಿ ಒಳಗೆ ಜಾರುತ್ತದೆ. ಸ್ಟಾರ್ಲಿಂಗ್‌ನ ಎದೆ ದಪ್ಪ. ತಲೆ ತೂರಿಸಿದರೂ ಭುಜ ಸಿಕ್ಕಿಕೊಳ್ಳುತ್ತದೆ. ಬಾಗಿಲು ಗೂಡಿನ ನೆಲದ ಮಟ್ಟಕ್ಕೇ ಇರಬೇಕು, ಮೇಲಿದ್ದರೆ ಮಾರ್ಟಿನ್‌ಗೇ ಕಷ್ಟ. ಕೊರೆಯುವಾಗ ಎರಡು ಮಿ.ಮೀ. ಜಾಸ್ತಿಯಾದರೂ ಸ್ಟಾರ್ಲಿಂಗ್ ಒಳಗೆ ಬಂದೀತು.

ಗುಬ್ಬಚ್ಚಿಗೆ ಮಾತ್ರ ಈ ಬಾಗಿಲು ಅಡ್ಡಿಯಲ್ಲ. ಬೆಂಗಳೂರಿನಲ್ಲಿ ನಾವು ಗುಬ್ಬಿ ಬರಲಿ ಎಂದು ಗೂಡು ಕಟ್ಟುತ್ತೇವೆ. ಅಮೆರಿಕಕ್ಕೆ ಹೊರಗಿನಿಂದ ಬಂದ ಅದೇ ಗುಬ್ಬಿ ಅಲ್ಲಿ ಮಾರ್ಟಿನ್‌ನ ಮೊಟ್ಟೆ ಕುಕ್ಕುತ್ತದೆ. ಅದು ತಂದ ಹುಲ್ಲನ್ನು ಮತ್ತೆ ಮತ್ತೆ ತೆಗೆದುಹಾಕುತ್ತಲೇ ಇರಬೇಕು.

ಹಾಗಾಗಿ ಕಂಬಕ್ಕೆ ರಾಟೆ, ಹಗ್ಗ ಬೇಕೇ ಬೇಕು. ಗೂಡನ್ನು ನೆಟ್ಟಗೆ ಕೆಳಗಿಳಿಸಬೇಕು. ಕಂಬ ಓರೆ ಮಾಡಿದರೆ ಮೊಟ್ಟೆ ಉರುಳುತ್ತವೆ. ವಾರಕ್ಕೊಮ್ಮೆ ಪ್ರತಿ ಕೋಣೆ ನೋಡಿ, ಒದ್ದೆಯಾದ, ಹುಳ ಹಿಡಿದ ಹಾಸು ತೆಗೆದು ಒಣ ಪೈನ್ ಎಲೆ ಹಾಕಬೇಕು. ಮುಟ್ಟಿದರೆ ತಾಯಿ ಮರಿ ಬಿಟ್ಟುಹೋಗುತ್ತದೆ ಅನ್ನುವುದು ಇನ್ನೊಂದು ಸುಳ್ಳು. ಮಾರ್ಟಿನ್ ಅಷ್ಟಕ್ಕೆಲ್ಲ ಹೋಗುವುದಿಲ್ಲ. ಅದು ತಬ್ಬಿಬ್ಬಾಗುವುದು ಗೂಡನ್ನು ತಿರುವಿ ಏರಿಸಿದಾಗ. ಇಳಿಸುವ ಮುಂಚೆ ಯಾವ ಮುಖ ಯಾವ ದಿಕ್ಕಿಗಿತ್ತೋ, ಮತ್ತೆ ಅದೇ ದಿಕ್ಕಿಗಿರಬೇಕು. ಕಂಬಕ್ಕೆ ತಗಡಿನ ಕೊಳವೆ ಸುತ್ತದಿದ್ದರೆ ಹಾವು, ರಕೂನ್ ಹತ್ತಿ ಎಲ್ಲವನ್ನೂ ಮುಗಿಸುತ್ತವೆ.

ಡಲ್ಲಾಸ್, ಹ್ಯೂಸ್ಟನ್ ಕಡೆ ಅಂಗಳವಿರುವ ಕನ್ನಡಿಗರು ಇದನ್ನು ಖಂಡಿತ ಮಾಡಬಹುದು. ನಾಲ್ಕೈದು ಮೀಟರ್ ಎತ್ತರದ ಕಂಬ, ಸುತ್ತ 12 ಮೀಟರ್‌ವರೆಗೆ ಮರವಿಲ್ಲದ ಬಯಲು ಸಾಕು. ಮೊದಲು ಬರುವ ಹಕ್ಕಿಗಳನ್ನು ‘ಸ್ಕೌಟ್’ ಎನ್ನುತ್ತಾರೆ, ಜಾಗ ನೋಡಿಕೊಂಡು ಹೋಗಿ ಬಳಗವನ್ನು ಕರೆತರುತ್ತವೆ ಎಂಬ ನಂಬಿಕೆ. ಅವು ಸುಮ್ನೆ ತಮ್ಮ ಹಳೇ ಗೂಡಿಗೆ ಮರಳಿದ ಹಿರಿಯ ಹಕ್ಕಿಗಳು. ಹೊಸ ಗೂಡಿಗೆ ಸಾಮಾನ್ಯವಾಗಿ ಬರುವುದು ಹಿಂದಿನ ವರ್ಷದ ಮರಿಗಳು, ಅದೂ ನಾಲ್ಕೈದು ವಾರ ತಡವಾಗಿ. ಅಲ್ಲಿಯವರೆಗೆ ಗುಬ್ಬಿ ಕಟ್ಟಿದ್ದನ್ನು ತೆಗೆಯುತ್ತಿರಿ, ಗೂಡನ್ನು ಇಳಿಸಿ ಮೂಲೆಗಿಡಬೇಡಿ.