ತವರಿಗೆ ಹೊಂಟ ಬಸ್ರಿ, ಚೀಲದಾಗ ಬಿ.ಪಿ. ಮಾತ್ರೆ

ಬಸ್ರಿ ಹೆಣ್ಮಗಳಿಗೆ ಬಿ.ಪಿ. ಜಾಸ್ತಿ ಐತಿ ಅಂತ ಗೊತ್ತಾದ್ರ ನಮ್ಮ ಕೊಪ್ಪಳ, ಗಂಗಾವತಿ ಕಡೆ ಮನ್ಯಾಗ ಮೊದ್ಲು ಬರೋ ಮಾತು 'ಉಪ್ಪು ಬಿಡಿಸ್ರಿ, ಮಲಗಿಸಿಬಿಡ್ರಿ' ಅಂತ. ಉಪ್ಪಿನಕಾಯಿ, ಮಿರ್ಚಿ ಬಜ್ಜಿ ಕಮ್ಮಿ ಮಾಡಿದ್ರ ಒಳ್ಳೇದೇ ಬಿಡ್ರಿ, ಆದ್ರ ಈ ಬಿ.ಪಿ. ಅಷ್ಟಕ್ಕ ಬಗ್ಗಲ್ಲ. ಬಹಳಷ್ಟು ಸಲ ಇದರ ಬೇರು ಮಾಸಿನಾಗ (ಹೊಟ್ಟ್ಯಾಗಿನ ಕೂಸಿಗೆ ತಾಯಿಂದ ಆಹಾರ ಮುಟ್ಟಿಸೋ ಪ್ಲಾಸೆಂಟಾ) ಇರ್ತೈತಿ. ಬಸಿರಿನ ಮೊದಲ ತಿಂಗಳುಗಳಾಗ ಗರ್ಭಕೋಶದ ರಕ್ತನಾಳ ಅಗಲ ಆಗಿ ಮಾಸಿಗೆ ರಕ್ತ ಧಾರಾಳ ಹರೀಬೇಕು, ಕೆಲವರಿಗೆ ಅದು ಸರಿಯಾಗಿ ಆಗಲ್ಲ, ಆಗ ರಕ್ತ ಸಾಲದ ಮಾಸು ತಾಯಿ ರಕ್ತಕ್ಕ ಬಿಡೋ ಪ್ರೋಟೀನ್‌ಗಳು ಮೈತುಂಬ ನಾಳಗಳ ಒಳಪದರನ ಕೆಡಿಸ್ತಾವ, ಅದಕ್ಕ ಬಿ.ಪಿ. ಏರೋದು, ಮೂತ್ರದಾಗ ಪ್ರೋಟೀನ್ ಸೋರೋದು, ಕೊನೀಗೆ ಫಿಟ್ಸ್ ಬರೋದು.

20 ವಾರ ಆದಮ್ಯಾಲೆ 140/90 ದಾಟಿದ್ರ ಹುಷಾರು. 160/110 ಅಂದ್ರ ಅವತ್ತೇ ದವಾಖಾನಿ, ನಾಳೆ ನೋಡೋಣ ಅನ್ನಂಗಿಲ್ಲ. ಬಿಸಿಲಾಗ ಟಂಟಂ ಇಳಿದು ಬಂದಕೂಡ್ಲೇ ಬಿ.ಪಿ. ಪಟ್ಟಿ ಕಟ್ಟಿಸ್ಕೊಂಡ್ರ ಲೆಕ್ಕ ತಪ್ಪತೈತಿ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಂತು, ತೋಳು ಎದಿ ಮಟ್ಟಕ್ಕಿಟ್ಟು ನೋಡಿಸ್ರಿ.

ಲೆಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ ಇವು ಬಸ್ರಿಯರಿಗೆ ಕೊಡೋ ಮಾತ್ರೆ. ಮೊದ್ಲಿಂದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ತಗೊಳ್ಳೋರು ತಡ ಮಾಡದೆ ಡಾಕ್ಟರ್ ಕೇಳಿ ಬದಲಿಸ್ಕೋಬೇಕು, ಅವು ಕೂಸಿನ ಕಿಡ್ನಿಗೆ ಕೆಟ್ಟವು.

ನನಗ ಚಿಂತಿ ಇರೋದು ಏಳನೇ ತಿಂಗಳದ ಮ್ಯಾಲೆ. ಬಿ.ಪಿ. ಏರೋ ಕಾಲ ಅದು, ಚೊಚ್ಚಲ ಬಸ್ರಿನ ಕುಪ್ಪಸ ಮಾಡಿ ತವರಿಗೆ ಕಳ್ಸೋ ಕಾಲನೂ ಅದೇ! ಸೀರಿ, ಬಳಿ, ಬುತ್ತಿ ಎಲ್ಲಾ ಹೋಗ್ತಾವ, ಬಸಿರಿನ ತಪಾಸಣಿ ಬರೆದಿಡೋ ತಾಯಿ ಕಾರ್ಡ್ ಮಾತ್ರ ಗಂಡನ ಮನಿ ಟ್ರಂಕಿನಾಗ. ಅಲ್ಲಿ ಆಶಾ ಬ್ಯಾರೆ, ನರ್ಸಮ್ಮ ಬ್ಯಾರೆ, ಹಿಂದಿನ ಬಿ.ಪಿ. ಎಷ್ಟಿತ್ತು ಅಂತ ಯಾರಿಗೆ ಗೊತ್ತು? ಬೆಂಗಳೂರಿಗೆ ಗುಳೆ ಹೋಗೋ ರಾಯಚೂರು ಕಡೇರ ಕಥಿನೂ ಇದೇ.

ತಲಿ ಸಿಡಿಯೋದು, ಕಣ್ಣು ಮಂಜಾಗೋದು, ಎದಿಗೂಡಿನ ಕೆಳಗ ಬಲಕ್ಕ ನೋವು, ಮುಖ ದಿಢೀರ್ ಬಾಯೋದು ಇದ್ರ ಕಾಯಬ್ಯಾಡ್ರಿ, ದವಾಖಾನಿಗೆ ಹೋಗ್ರಿ, ಅಲ್ಲಿ ಫಿಟ್ಸ್ ತಡೆಯೋಕ ಮ್ಯಾಗ್ನೀಸಿಯಂ ಇಂಜೆಕ್ಷನ್ ಐತಿ. ರೋಗ ಇಳಿಯೋದು ಹೆರಿಗೆ ಆದಮ್ಯಾಲೆನ, ಆದ್ರ ಹೆತ್ತ ಕೂಡ್ಲೇ ಅಲ್ಲ, ಮೂರರಿಂದ ಆರನೇ ದಿನದಾಗ ಬಿ.ಪಿ. ಮತ್ತ ಏರಬಹುದು, ಅಷ್ಟೊತ್ತಿಗೆ ಬಾಣಂತಿ ಡಿಸ್ಚಾರ್ಜ್ ಆಗಿ ಮನ್ಯಾಗ ತಲಿಗೆ ಬಟ್ಟಿ ಕಟ್ಕೊಂಡು ಮಲಗಿರ್ತಾಳ, ತಲಿನೋವು ಅಂದ್ರ 'ಗಾಳಿ ಹೊಕ್ಕೈತಿ' ಅಂತಾರ. ಆಶಾ ಅಕ್ಕ ಕೂಸು ನೋಡಾಕ 3ನೇ ದಿನ, 7ನೇ ದಿನ ಮನಿಗೆ ಬರ್ತಾಳಲ್ಲ, ಆವಾಗ ಬಾಣಂತಿ ಬಿ.ಪಿ.ನೂ ನೋಡಿಸ್ಬೇಕು ಅಂತ ಹೇಳ್ರಿ, ಡಾಕ್ಟರ್ ಹೇಳೋತನಕ ಮಾತ್ರೆ ಬಿಡಿಸಬ್ಯಾಡ್ರಿ.