ಲಿನಕ್ಸ್ ವೈಫೈ: ಮೂರು ಸಲಹೆ, ಮೂರು ಕಾಲ

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ ವೈಫೈ ಬರಲಿಲ್ಲ ಅಂದರೆ ಬೆಂಗಳೂರಿನಲ್ಲಿ ಸಲಹೆಗೆ ಬರವಿಲ್ಲ. ಒಬ್ಬರು ಐಡಬ್ಲ್ಯೂಕಾನ್ಫಿಗ್ ಅನ್ನೋ ಕಮಾಂಡ್ ಓಡಿಸು ಅಂತಾರೆ. ಇನ್ನೊಬ್ಬರು ವೈಫೈಗೆ ಲಾಗಿನ್ ಮಾಡಿಸುವ ಡಬ್ಲ್ಯೂಪಿಎ ಸಪ್ಲಿಕೆಂಟ್ ಅನ್ನೋ ಪ್ರೋಗ್ರಾಂನ ಫೈಲ್ ತಿದ್ದು ಅಂತಾರೆ. ಮತ್ತೊಬ್ಬರಿಗೆ ಸಂಪರ್ಕಗಳನ್ನು ತಾನೇ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಬಿಟ್ಟರೆ ಬೇರೆ ಗೊತ್ತಿಲ್ಲ. ಯಾರದ್ದೂ ಸುಳ್ಳಲ್ಲ, ಕಾಲ ಮಾತ್ರ ಬೇರೆ ಬೇರೆ.

ವೈಫೈನ 802.11 ಮಾನದಂಡ ಬಂದಿದ್ದು 1997ರಲ್ಲಿ. ಆಗೆಲ್ಲ ಐಡಬ್ಲ್ಯೂಕಾನ್ಫಿಗ್‌ಗೆ ನೆಟ್‌ವರ್ಕ್ ಹೆಸರು, ಡಬ್ಲ್ಯೂಇಪಿ (ವೈಫೈನ ಮೊದಲ ಬೀಗ) ಕೀ ಕೊಟ್ಟರೆ ಕೆಲಸ ಮುಗೀತು. ಆ ಬೀಗ ಎಷ್ಟು ಸಡಿಲ ಅನ್ನೋದು 2001ರಲ್ಲಿ ಬಯಲಾಯಿತು. 2003ರಲ್ಲಿ ಹೊಸ ಬೀಗ ಡಬ್ಲ್ಯೂಪಿಎ ಬಂತು, ಮರುವರ್ಷ ಡಬ್ಲ್ಯೂಪಿಎ2. ಹೊಸ ಪದ್ಧತಿಯಲ್ಲಿ ಕೀಗಳು ಆಗಾಗ ಬದಲಾಗುತ್ತವೆ. ಒಂದು ಕಮಾಂಡ್ ಕೊಟ್ಟು ಸುಮ್ನೆ ಕೂರೋಕಾಗಲ್ಲ, ಸದಾ ಓಡುತ್ತಿರುವ ಪ್ರೋಗ್ರಾಂ ಬೇಕು. ಸಪ್ಲಿಕೆಂಟ್ ಹುಟ್ಟಿದ್ದು ಅದಕ್ಕೇ. 2004ರಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಬಂತು, ಮುಂದೆ ಅದರ ಮೇಲೆ ಕೂತಿತು.

ನಿಜವಾದ ಒದ್ದಾಟ ಕಮಾಂಡ್‌ದಲ್ಲ, ಚಿಪ್‌ದು. ಆ ಕಾಲದ ಬಹಳಷ್ಟು ಚಿಪ್‌ಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋ ದಾಖಲೆಗಳು ಹೊರಗೆ ಸಿಗುತ್ತಿರಲಿಲ್ಲ. ಆದ್ದರಿಂದ ಎನ್‌ಡಿಐಎಸ್‌ರ‍್ಯಾಪರ್ ಅನ್ನೋ ವಿಚಿತ್ರ ಉಪಾಯ ಬಂತು: ವಿಂಡೋಸ್ ಸಿಡಿಯಲ್ಲಿದ್ದ ಡ್ರೈವರನ್ನೇ (ಚಿಪ್ ನಡೆಸುವ ಪ್ರೋಗ್ರಾಂ) ತಂದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಓಡಿಸೋದು! ಓಡುತ್ತಿತ್ತು ಕೂಡ. 64 ಬಿಟ್ ಲಿನಕ್ಸ್‌ಗೆ 64 ಬಿಟ್ ಡ್ರೈವರೇ ಬೇಕಿತ್ತು. ಕರ್ನಲ್ ಬದಲಾದರೆ ಮತ್ತೆ ಕಂಪೈಲ್ ಮಾಡಬೇಕಿತ್ತು.

ಬ್ರಾಡ್‌ಕಾಮ್ ಚಿಪ್‌ಗೆ ಒಂದು ಗುಂಪು ಇದ್ದ ಡ್ರೈವರನ್ನು ಬಿಡಿಸಿ ನೋಡಿ ವಿವರ ಬರೆದಿಟ್ಟಿತು. ಇನ್ನೊಂದು ಗುಂಪು ಆ ವಿವರ ಮಾತ್ರ ಓದಿ ಹೊಸ ಡ್ರೈವರ್ ಬರೆಯಿತು. ಕಾನೂನಿನ ತಕರಾರು ಬರಬಾರದು ಅಂತ ಈ ಎಚ್ಚರ. 2006ರಲ್ಲಿ ಅದು ಕರ್ನಲ್ 2.6.17 ಸೇರಿತು. ಆದರೂ ಚಿಪ್ ಒಳಗೇ ಓಡುವ ಫರ್ಮ್‌ವೇರ್ ಬೇರೆಯಾಗಿ ತರಬೇಕಿತ್ತು. ತರೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಕೊನೆಗೆ ಕೇಬಲ್ಲೇ ಗತಿ, ಅಲ್ವಾ? 2010ರಲ್ಲಿ ಆ ಕಂಪನಿಯೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು.

2007ರಲ್ಲಿ ಕರ್ನಲ್‌ಗೆ ಎಂಎಸಿ80211 ಅನ್ನೋ ಭಾಗ ಬಂದ ಮೇಲೆ, ಒಂದೊಂದು ಡ್ರೈವರೂ ಬೇರೆ ಬೇರೆಯಾಗಿ ಮಾಡಿಕೊಳ್ಳುತ್ತಿದ್ದ ಕೆಲಸ ಒಂದು ಕಡೆ ಸೇರಿತು. ಐಡಬ್ಲ್ಯೂಕಾನ್ಫಿಗ್ ಜಾಗಕ್ಕೆ ಐಡಬ್ಲ್ಯೂ ಬಂತು. 2019ರಲ್ಲಿ ಸಪ್ಲಿಕೆಂಟ್‌ಗೆ ಬದಲಿಯಾಗಿ ಐಡಬ್ಲ್ಯೂಡಿ 1.0 ಬಂತು. ಹೊಸದು ಬಂದಿತೇ ಹೊರತು ಹಳೆಯದು ಹೋಗಲಿಲ್ಲ. ಲಿನಕ್ಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯಲ್ಲಿ ಮನೆಯ ವೈಫೈಗೆ ಇವತ್ತಿಗೂ ಐಎಫ್‌ಕಾನ್ಫಿಗ್ ಕಮಾಂಡ್ ಒಂದೇ ಸಾಕು. ಲಿನಕ್ಸ್‌ನಲ್ಲಿ ಒಂದೇ ಕಾರ್ಡಿಗೆ ಎರಡು ಪ್ರೋಗ್ರಾಂ ಕೈ ಹಾಕಿ ಸಂಪರ್ಕ ಕಡಿದುಹೋಗುವುದು ಈಗಲೂ ಉಂಟು. ಕಮಾಂಡ್ ಹುಡುಕುವ ಮೊದಲು ಯಾವುದು ಓಡುತ್ತಿದೆ ಅಂತ ನೋಡಿಕೊಳ್ಳಬೇಕು.

ಫರ್ಮ್‌ವೇರ್ ಗೋಳು ಸುಮಾರು ಕಡಿಮೆಯಾಗಿದೆ. 2023ರ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಅದನ್ನು ಇನ್‌ಸ್ಟಾಲರ್‌ನಲ್ಲೇ ಕೊಡುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ ವಿಷಯ ಬೇರೆ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್. ಹೆಸರು ಮಾತ್ರ ಅದೇ, ಬೇಕಾದ ಡ್ರೈವರ್ ಬೇರೆ. ಎಸ್‌.ಪಿ. ರೋಡ್‌ನಲ್ಲಿ ಕೊಳ್ಳುವಾಗ ಮಾಡೆಲ್ ಹೇಳಿದರೆ ಸಾಲದು, ಆವೃತ್ತಿಯ ಸಂಖ್ಯೆಯನ್ನೂ ಕೇಳಿ.