ಕೆನಡಾದ ಯೋಧಸ್ಮರಣೆ: ಸಮಾಧಿ ಎಲ್ಲಿ, ಹೆಸರು ಎಲ್ಲಿ?

ನವೆಂಬರ್ 11ರ ಬೆಳಿಗ್ಗೆ 11 ಗಂಟೆ, ಎರಡು ನಿಮಿಷದ ಮೌನ, ಎಡ ಎದೆಯ ಮೇಲೆ ಕೆಂಪು ಪಾಪಿ ಹೂವು. 1918ರಲ್ಲಿ ಮೊದಲ ಮಹಾಯುದ್ಧದ ಕದನವಿರಾಮ ಜಾರಿಗೆ ಬಂದ ಗಳಿಗೆ ಅದು. ಪಾಪಿಯ ಹಿಂದಿರುವುದು ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಬರೆದ ಕವಿತೆ. ಇಷ್ಟು ಸುಲಭ.

ಗೋಜಲಾಗುವುದು ಸ್ಮಾರಕಗಳ ವಿಷಯದಲ್ಲಿ. ಮೊದಲ ಮಹಾಯುದ್ಧದಲ್ಲಿ ಮಡಿದವರನ್ನು ಊರಿಗೆ ತರುವಂತಿರಲಿಲ್ಲ; ಬಿದ್ದ ನೆಲದಲ್ಲೇ ಮಣ್ಣು ಮಾಡಬೇಕೆಂಬುದು ಅಂದಿನ ಬ್ರಿಟಿಷ್ ಸಾಮ್ರಾಜ್ಯದ ನಿಯಮ. ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು. ಫ್ರಾನ್ಸಿನ ವಿಮಿ ಸ್ಮಾರಕದ ಗೋಡೆಯ ಮೇಲೆ 11,285 ಹೆಸರುಗಳಿವೆ. ಇವರೆಲ್ಲ ಫ್ರಾನ್ಸಿನಲ್ಲಿ ಮಡಿದು, ಗುರುತಿರುವ ಸಮಾಧಿ ಇಲ್ಲದವರು. ಬೆಲ್ಜಿಯಂನಲ್ಲಿ ಕಾಣೆಯಾದವರ ಹೆಸರು ಈಪ್ರ್ ಪಟ್ಟಣದ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದಲ್ಲಿದೆ. ಇನ್ನೊಂದು ಕಡೆ ಸ್ಮಶಾನಗಳಲ್ಲಿ ಹೆಸರಿಲ್ಲದ ಕಲ್ಲುಗಳಿವೆ, 'ಇವನಾರೆಂದು ದೇವರೇ ಬಲ್ಲ' ಎಂಬರ್ಥದ ಸಾಲು ಹೊತ್ತು.

ಇಲ್ಲಿ ನಿಧಾನವಾಗಿ ಓದಿ. ಗೋಡೆಯ ಮೇಲಿನವರು ಒಂದು ಗುಂಪು, ಹೆಸರಿಲ್ಲದ ಕಲ್ಲಿನಡಿ ಇರುವವರು ಬೇರೊಂದು ಗುಂಪು ಎಂದಲ್ಲ. ಹೆಸರು ಗೋಡೆಯಲ್ಲಿ, ದೇಹ ಕಲ್ಲಿನಡಿ. ಯಾವ ಹೆಸರು ಯಾವ ದೇಹದ್ದೆಂಬುದು ಮಾತ್ರ ತಿಳಿಯದು. ಕೆಲವರ ದೇಹವಂತೂ ಸಿಕ್ಕೇ ಇಲ್ಲ. ಹಾಗಾಗಿ ಎರಡನ್ನೂ ಕೂಡಿಸಬಾರದು, ಒಬ್ಬನನ್ನೇ ಎರಡು ಸಲ ಎಣಿಸಿದಂತಾಗುತ್ತದೆ.

ಇದು ಹಿಡಿತಕ್ಕೆ ಬಂದರೆ ಒಟ್ಟಾವಾದ ಅಜ್ಞಾತ ಯೋಧನ ಸಮಾಧಿ ತಾನಾಗಿ ಅರ್ಥವಾಗುತ್ತದೆ. ವಿಮಿಯ ಹತ್ತಿರದ ಕಬಾರೆ-ರೂಜ್ ಸ್ಮಶಾನದಿಂದ ಹೆಸರಿಲ್ಲದ ಒಬ್ಬನನ್ನು 2000ರ ಮೇ ತಿಂಗಳಲ್ಲಿ ತಂದು ರಾಷ್ಟ್ರೀಯ ಯುದ್ಧ ಸ್ಮಾರಕದೆದುರು ಇಟ್ಟರು. ಅವನ ಮೂಲ ಸಮಾಧಿಗಲ್ಲು ಈಗ ಒಟ್ಟಾವಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ. ನವೆಂಬರ್ 11ರಂದು ಸರಿಯಾಗಿ 11 ಗಂಟೆಗೆ ಕಿಟಕಿಯ ಬಿಸಿಲು ಆ ಕಲ್ಲಿನ ಮೇಲೆ ಬೀಳುವಂತೆ ಕಟ್ಟಡ ಕಟ್ಟಿದ್ದಾರೆ. ಅದೇ ದಿನ, ಮಗನನ್ನೋ ಮಗಳನ್ನೋ ಕಳೆದುಕೊಂಡ ಒಬ್ಬ ತಾಯಿ ಎಲ್ಲ ತಾಯಂದಿರ ಪರವಾಗಿ ಸ್ಮಾರಕಕ್ಕೆ ಹೂಚಕ್ರ ಇಡುತ್ತಾರೆ. ಇಡೀ ಆಚರಣೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದು.

ಸಂಸತ್ತಿನ ಪೀಸ್ ಟವರ್‌ಗೆ ಸೇರಿದ ಸ್ಮರಣ ಗ್ರಂಥಗಳಲ್ಲಿ ಮಡಿದವರ ಹೆಸರುಗಳಿವೆ. ದಿನವೂ 11 ಗಂಟೆಗೆ ಪುಟ ತಿರುವುತ್ತಾರೆ, ವರ್ಷದಲ್ಲಿ ಒಮ್ಮೆಯಾದರೂ ಪ್ರತಿ ಹೆಸರೂ ಕಣ್ಣಿಗೆ ಬೀಳಲಿ ಎಂದು.

ಅಫ್ಗಾನಿಸ್ತಾನದ ಯುದ್ಧದ ಹೊತ್ತಿಗೆ ನಿಯಮ ಬದಲಾಗಿ, ದೇಹಗಳು ಮನೆಗೆ ಬರತೊಡಗಿದ್ದವು. ಆಗ ಆಚರಣೆಯೂ ಹೊಸದು: ಟ್ರೆಂಟನ್ ವಾಯುನೆಲೆಯಿಂದ ಟೊರಾಂಟೊಗೆ ಶವವಾಹನಗಳು ಸಾಗುವಾಗ 401ನೇ ಹೆದ್ದಾರಿಯ ಸೇತುವೆಗಳ ಮೇಲೆ ಜನ ಬಾವುಟ ಹಿಡಿದು ನಿಲ್ಲುತ್ತಿದ್ದರು. 2007ರಲ್ಲಿ ಆ ದಾರಿಗೆ 'ವೀರರ ಹೆದ್ದಾರಿ' ಎಂದೇ ಹೆಸರಿಟ್ಟರು.

ನ್ಯೂಫೌಂಡ್‌ಲ್ಯಾಂಡನ್ನು ಬೇರೆಯಾಗಿ ಓದಿಕೊಳ್ಳಿ. ಅದು ಕೆನಡಾಕ್ಕೆ ಸೇರಿದ್ದೇ 1949ರಲ್ಲಿ. 1916ರ ಜುಲೈ 1ರಂದು ಫ್ರಾನ್ಸಿನ ಬೋಮಾಂಟ್-ಹಾಮೆಲ್‌ನಲ್ಲಿ ಅದರ ಸುಮಾರು 800 ಸೈನಿಕರು ಮುನ್ನುಗ್ಗಿದರು. ಮರುದಿನ ಹಾಜರಿ ಕೂಗಿದಾಗ ಓಗೊಟ್ಟವರು 68 ಮಂದಿ. ದೇಶಕ್ಕೆಲ್ಲ ಕೆನಡಾ ದಿನವಾದ ಜುಲೈ 1 ಅಲ್ಲಿ ಬೆಳಿಗ್ಗೆ ಶೋಕದ ದಿನ. 2024ರ ಅದೇ ತಾರೀಖಿನಂದು ಸೇಂಟ್ ಜಾನ್ಸ್ ನಗರದಲ್ಲಿ ಅವರದೇ ಅಜ್ಞಾತ ಯೋಧನ ಸಮಾಧಿಯಾಯಿತು. ಹೀಗಾಗಿ 'ಅಜ್ಞಾತ ಯೋಧ' ಎಂದು ಕಂಡಲ್ಲೆಲ್ಲ ಮೊದಲು ಊರಿನ ಹೆಸರು ನೋಡಿ.